ಸಹಾಯ ಬೇಕು: ತಾಯಿಯವರ ಕಾಲಿನ ಬಾವು

ಡೊಂಬಿವಲಿ, ಠಾಣೆ ಕಡೆಯ ಕನ್ನಡ ಬಂಧುಗಳಿಗೆ ನಮಸ್ಕಾರ. 72 ವರ್ಷದ ನಮ್ಮ ತಾಯಿಯವರ ಎರಡೂ ಪಾದಗಳು ಸಂಜೆಯಾಗುತ್ತಲೇ ಊದಿಕೊಳ್ಳುತ್ತವೆ. ಹರಡಿನ ಬಳಿ ಬೆರಳಿನಿಂದ ಒತ್ತಿದರೆ ಬೀಳುವ ಗುಳಿ ಸ್ವಲ್ಪ ಹೊತ್ತು ಹಾಗೆಯೇ ಉಳಿಯುತ್ತದೆ, ಮೊನ್ನೆ ಕಾಲುಂಗುರವನ್ನು ಸೋಪು ಹಚ್ಚಿ ತೆಗೆಯಬೇಕಾಯಿತು. ಹೃದಯ, ಮೂತ್ರಪಿಂಡಗಳ ಪರೀಕ್ಷೆ ಮಾಡಿಸಿದ ವೈದ್ಯರು ಅವೆರಡೂ ಸರಿಯಾಗಿವೆಯೆಂದೂ, ರಕ್ತದೊತ್ತಡದ ಆಮ್ಲೋಡಿಪಿನ್ ಮಾತ್ರೆಯಿಂದ ಹೀಗಾಗುವುದುಂಟೆಂದೂ ತಿಳಿಸಿದ್ದಾರೆ; ಅವರನ್ನು ಕೇಳದೆ ಮಾತ್ರೆಯನ್ನಂತೂ ನಿಲ್ಲಿಸುವುದಿಲ್ಲ. ಉಪ್ಪಿನಕಾಯಿ, ಹಪ್ಪಳ ಬಿಡಿಸಿದ್ದೇವೆ; ಮಲಗಿದಾಗ ಕಾಲುಗಳನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕಿಂತ ಎತ್ತರದಲ್ಲಿರಿಸುತ್ತೇವೆ. ತೊಡಕಿರುವುದು ವೈದ್ಯರು ಹೇಳಿದ ಬಿಗಿ ಕಾಲುಚೀಲದ್ದು. ಬೆಳಿಗ್ಗೆ ಬಾವು ಇಳಿದಿರುವಾಗಲೇ ಅದನ್ನು ತೊಡಿಸಬೇಕು, ಆದರೆ ಇಲ್ಲಿಯ ಸೆಕೆಗೆ ಬೆವರಿ, ತುರಿಕೆಯಾಗಿ, ಮಧ್ಯಾಹ್ನಕ್ಕೇ ಕಳಚಿಬಿಡುತ್ತಾರೆ. ಮನೆಯ ಹಿರಿಯರಿಗೆ ತೊಡಿಸಿ ಅನುಭವವಿರುವವರು, ಯಾವ ಬಗೆಯದು ಹಗುರವೆಂದೂ, ಕಾಲಿನ ಅಳತೆ ತೆಗೆದು ಕೊಡುವ ಅಂಗಡಿ ಎಲ್ಲಿದೆಯೆಂದೂ ದಯವಿಟ್ಟು ತಿಳಿಸಿರಿ.