ಗಡಿ ದಾಟುವ ನದಿಗಳು: ಜಲತಜ್ಞೆಯನ್ನು ಕೇಳಿ

ಅಡ್ಮಿನ್: ಒಂದೇ ನದಿ ಹಲವು ದೇಶಗಳಲ್ಲಿ ಹರಿದರೆ ಅದನ್ನು ಯಾರು, ಹೇಗೆ ನೋಡಿಕೊಳ್ಳಬೇಕು? ನಮ್ಮ ಗುಂಪಿನ ಜಲತಜ್ಞೆ ಇವತ್ತು ಉತ್ತರಿಸುತ್ತಾರೆ. ಪ್ರಶ್ನೆಗಳನ್ನು ಇಲ್ಲೇ ಹಾಕಿ.

ಗಿರೀಶ: ನಮಸ್ತೆ ಮೇಡಂ. 2025ರ ಏಪ್ರಿಲ್‌ನಲ್ಲಿ ಭಾರತ ಸಿಂಧೂ ಒಪ್ಪಂದವನ್ನು ತಡೆಹಿಡಿಯಿತಲ್ವಾ. ಗೇಟು ಹಾಕಿದರೆ ಮರುದಿನವೇ ಪಾಕಿಸ್ತಾನದಲ್ಲಿ ನದಿ ಒಣಗುತ್ತದೆ ಅಂತ ಫಾರ್ವರ್ಡ್ ಬಂದಿದೆ. ನಿಜವೇ?

ಜಲತಜ್ಞೆ: ನಮಸ್ಕಾರ. ನಿಜವಲ್ಲ. ನೀರು ನಿಲ್ಲಿಸಬೇಕಾದರೆ ಅದನ್ನು ತುಂಬಿಡಲು ಜಾಗ ಬೇಕು. ಸಿಂಧೂ ಕಣಿವೆಯ ಚೆನಾಬ್ ನದಿಯ ಮೇಲಿನ ಬಗ್ಲಿಹಾರ್, ಸಲಾಲ್ ಎರಡೂ ಹರಿಯುವ ನೀರಲ್ಲೇ ಕರೆಂಟು ತೆಗೆಯುವ ಸ್ಥಾವರಗಳು. ಅವುಗಳ ಹಿಂದೆ ಹಿಡಿಯುವ ನೀರು ಕಡಿಮೆ. ಹೊಳೆ ಬಡಕಲಾದ ಚಳಿಗಾಲದಲ್ಲಿ ನೀರು ಬರುವ ಹೊತ್ತನ್ನು ಸ್ವಲ್ಪ ಹಿಂದೆಮುಂದೆ ಮಾಡಬಹುದು. ಹಿಮ ಕರಗಿ ಹೊಳೆ ತುಂಬಿದಾಗ ಆ ನೀರನ್ನು ಯಾವ ಗೇಟೂ ಹಿಡಿದಿಡಲಾರದು.

ಮಮತಾ: ಮೇಡಂ, ಮೆಕಾಂಗ್ ಆಯೋಗದಲ್ಲಿ ಇರುವುದು ಕಾಂಬೋಡಿಯಾ, ಲಾವೋಸ್, ಥಾಯ್ಲೆಂಡ್, ವಿಯೆಟ್ನಾಂ ಮಾತ್ರ. ಮೇಲ್ಗಡೆ ಇರುವ ಚೀನಾ ಸದಸ್ಯ ದೇಶವೇ ಅಲ್ಲ. ಹಾಗಿದ್ದರೆ ಆಯೋಗದಿಂದ ಏನು ಉಪಯೋಗ?

ಶ್ರುತಿ: ಮೇಡಂ, ಪ್ರಬಂಧಕ್ಕಾಗಿ ಸೆನೆಗಲ್ ನದಿಯ ಬಗ್ಗೆ ಓದುತ್ತಿದ್ದೇನೆ. ಮಾಲಿಯಲ್ಲಿರುವ ಅಣೆಕಟ್ಟು ಬೇರೆ ದೇಶಗಳ ಆಸ್ತಿಯೂ ಹೌದಂತೆ. ಇದು ಹೇಗೆ ಸಾಧ್ಯವಾಯಿತು? ಎಲ್ಲರೂ ಹೀಗೆ ಮಾಡಬಹುದಲ್ವಾ?

ಜಲತಜ್ಞೆ: ಶ್ರುತಿ, ಇದಕ್ಕೆ ಉದ್ದದ ಉತ್ತರವೇ ಬೇಕು. 1972ರಲ್ಲಿ ಮಾಲಿ, ಮಾರಿಟೇನಿಯಾ, ಸೆನೆಗಲ್ ಸೇರಿ ಒಂದು ನದಿ ಸಂಸ್ಥೆ ಕಟ್ಟಿಕೊಂಡವು. ಬರ ಮೂರೂ ದೇಶಗಳನ್ನು ಹೈರಾಣು ಮಾಡಿತ್ತು. ನಿನಗಿಷ್ಟು ನೀರು, ನನಗಿಷ್ಟು ನೀರು ಅಂತ ಅವು ಅಳೆದುಕೊಳ್ಳಲಿಲ್ಲ. ನೀರಿನಿಂದ ಬರುವ ಲಾಭವನ್ನು ಹಂಚಿಕೊಂಡವು. ಅಣೆಕಟ್ಟು ಯಾರ ನೆಲದಲ್ಲೇ ಇರಲಿ, ಅದು ಜಂಟಿ ಆಸ್ತಿ ಅಂತ 1978ರಲ್ಲಿ ಬರೆದುಕೊಂಡವು. ಮನಂತಾಲಿ ಅಣೆಕಟ್ಟು ಇರುವುದು ಮಾಲಿಯಲ್ಲಿ. ಅದರ ಕರೆಂಟಿನಲ್ಲಿ ಮಾಲಿಗೆ ಶೇ 52, ಸೆನೆಗಲ್‌ಗೆ ಶೇ 33, ಮಾರಿಟೇನಿಯಾಕ್ಕೆ ಶೇ 15. ಸಾಲಕ್ಕೂ ಎಲ್ಲರೂ ಹೆಗಲು ಕೊಟ್ಟರು. 1989ರಲ್ಲಿ ಸೆನೆಗಲ್, ಮಾರಿಟೇನಿಯಾ ನಡುವೆ ರಕ್ತಪಾತವಾಗಿ ರಾಯಭಾರ ಸಂಬಂಧವೇ ಕಡಿದುಹೋಯಿತು. ನದಿ ಸಂಸ್ಥೆ ಮಾತ್ರ ಒಡೆಯಲಿಲ್ಲ.

ಆದರೆ ನನ್ನನ್ನು ಕಾಡುವುದು ಇದರ ಇನ್ನೊಂದು ಭಾಗ. ನದಿ ಸಮುದ್ರ ಸೇರುವ ಕಡೆ, 1986ರಲ್ಲಿ ದಿಯಾಮಾ ಅಣೆಕಟ್ಟು ಎದ್ದಿತು. ಉಪ್ಪುನೀರು ನದಿಯೊಳಗೆ ಏರಿ ಬರುವುದು ನಿಂತಿತು. ವರ್ಷವಿಡೀ ಸಿಹಿನೀರು, ಭತ್ತ, ಕಬ್ಬು. ಜೊತೆಗೆ ಕಾಲುವೆ ತುಂಬ ಜೊಂಡು, ಜೊಂಡಿನಲ್ಲಿ ಬಸವನಹುಳು. ಆ ಹುಳುವಿನಿಂದ ಹೊರಬರುವ, ಕಣ್ಣಿಗೆ ಕಾಣದ ಪರಾವಲಂಬಿ ಜೀವಿಯ ಮರಿಗಳು, ನೀರಿಗಿಳಿದವರ ಚರ್ಮ ಕೊರೆದು ಒಳಗೆ ಹೋಗುತ್ತವೆ. ಬಿಲ್ಹಾರ್ಜಿಯಾ ರೋಗ ಬರುವುದು ಹೀಗೆ. ರಿಷಾರ್ ತೋಲ್ ಪಟ್ಟಣದಲ್ಲಿ ಕರುಳಿನ ಬಿಲ್ಹಾರ್ಜಿಯಾ ಕಾಣಿಸಿಕೊಂಡದ್ದು 1988ರಲ್ಲಿ. ಕೆಲವೇ ವರ್ಷಗಳಲ್ಲಿ ಅದು ದೊಡ್ಡ ಪಿಡುಗಾಯಿತು. ಬಸವನಹುಳು ತಿನ್ನುವ ಅಲ್ಲಿನ ಸಿಗಡಿಗಳು ಮರಿ ಮಾಡಲು ಉಪ್ಪು ಬೆರೆತ ನೀರಿಗೆ ಹೋಗಬೇಕು. ಅವುಗಳ ದಾರಿಗೂ ಅಣೆಕಟ್ಟು ಅಡ್ಡ ನಿಂತಿತು. ರೋಗಕ್ಕೆ ಮಾತ್ರೆ ಇದೆ. ಆದರೆ ಅದೇ ಕಾಲುವೆಯಲ್ಲಿ ಬಟ್ಟೆ ಒಗೆದರೆ, ಮಕ್ಕಳು ಈಜಿದರೆ ಮತ್ತೆ ಅಂಟುತ್ತದೆ. ಕರೆಂಟಿಗೆ ಶೇಕಡಾವಾರು ಲೆಕ್ಕ ಹಾಕಿದವರು ಈ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಿಮ್ಮ ಪ್ರಬಂಧದಲ್ಲಿ ಇದನ್ನು ಅಡಿಟಿಪ್ಪಣಿಗೆ ತಳ್ಳಬೇಡಿ.

ಪ್ರಕಾಶ: ಮೇಡಂ, ಸಿಂಧೂ ಗೇಟು ಪೂರ್ತಿ ಹಾಕಿದರೆ ಏನಾಗುತ್ತದೆ?

ಜಲತಜ್ಞೆ: ಮೇಲೆ ಗಿರೀಶ್ ಅವರಿಗೆ ಹೇಳಿದ್ದೇನೆ. ಓದಿ.

ವಿನಯ: ಬಸವನಹುಳುವಿಗೆ ಸುಲಭದ ಮದ್ದಿದೆ ಮೇಡಂ. ಕಾಲುವೆಗೆ ಮೈಲುತುತ್ತ ಸುರಿದರೆ ಎಲ್ಲ ಸಾಯುತ್ತವೆ. ಫಾರ್ವರ್ಡ್ ಹಾಕಿದ್ದೇನೆ ನೋಡಿ.

ಜಲತಜ್ಞೆ: ದಯವಿಟ್ಟು ಅದನ್ನು ಯಾರಿಗೂ ಕಳಿಸಬೇಡಿ. ಮೈಲುತುತ್ತಕ್ಕೆ ಹುಳು ಸಾಯುತ್ತದೆ, ಮೀನೂ ಸಾಯುತ್ತದೆ. ಜನ ಆ ನೀರನ್ನೇ ಬಳಸುತ್ತಾರೆ. ಉಳಿದ ಹುಳುಗಳಿಂದ ಸಂತತಿ ಮತ್ತೆ ತುಂಬಿಕೊಳ್ಳುತ್ತದೆ. ಹರಿಯುವ ನೀರಿಗೆ ನೀವು ಸುರಿದ ವಿಷ ಕೆಳಗಿನವರಿಗೂ ಹೋಗುತ್ತದೆ.

ವಿನಯ: ಸುಮ್ನೆ ಹೆದರಿಸಬೇಡಿ. ಹಿಂದೆ ಬಳಸುತ್ತಿದ್ದರಂತಲ್ಲ.

ಜಲತಜ್ಞೆ: ಬಳಸುತ್ತಿದ್ದರು. ಅದರ ತೊಂದರೆ ನೋಡಿಯೇ ಬೇರೆ ದಾರಿ ಹುಡುಕಿದರು. ಈ ಫಾರ್ವರ್ಡ್ ಬಗ್ಗೆ ಇನ್ನು ಉತ್ತರಿಸುವುದಿಲ್ಲ.

ನಾಗರಾಜ: ಎಲ್ಲದಕ್ಕೂ ಮೇಲಿನ ದೇಶಗಳೇ ಕಾರಣ. ನೈಲ್ ನೋಡಿ. ಈಜಿಪ್ಟಿನಲ್ಲಿ ಮಳೆಯೇ ಇಲ್ಲ. ಇಥಿಯೋಪಿಯಾ ಯಾರನ್ನೂ ಲೆಕ್ಕಿಸದೆ ಅಣೆಕಟ್ಟು ಕಟ್ಟಿತು.

ಅರ್ಚನಾ: 1959ರಲ್ಲಿ ಈಜಿಪ್ಟಿಗೆ 55.5, ಸುಡಾನಿಗೆ 18.5 ಶತಕೋಟಿ ಘನ ಮೀಟರ್ ಅಂತ ಹಂಚಿಕೊಂಡಾಗ ಇಥಿಯೋಪಿಯಾವನ್ನು ಯಾರು ಲೆಕ್ಕಿಸಿದ್ದರು? ನೈಲ್‌ನ ಹೆಚ್ಚಿನ ನೀರು ಹುಟ್ಟುವುದೇ ಅಲ್ಲಿ.

ನಾಗರಾಜ: ನೀರು ಹುಟ್ಟಿದ ಮಾತ್ರಕ್ಕೆ ಕೆಳಗಿನವರ ಬಾಯಿಗೆ ಮಣ್ಣು ಹಾಕಬಹುದಾ?

ಅರ್ಚನಾ: ಹಾಗಂತ ನಾನು ಹೇಳಲಿಲ್ಲ. ಹೇಳದ್ದನ್ನು ನನ್ನ ಬಾಯಿಗೆ ತುರುಕಬೇಡಿ.

ನಾಗರಾಜ: ನಿಮಗೆ ವಿಷಯ ಗೊತ್ತಿಲ್ಲ, ಅಷ್ಟೇ.

ಜಲತಜ್ಞೆ: ಇಬ್ಬರೂ ಒಂದು ನಿಮಿಷ. ಕರೆಂಟಿನ ಅಣೆಕಟ್ಟು ನೀರನ್ನು ಕುಡಿದು ಮುಗಿಸುವುದಿಲ್ಲ. ಆವಿಯಾಗಿ ಹೋದದ್ದು ಬಿಟ್ಟರೆ ಉಳಿದದ್ದು ಟರ್ಬೈನ್ ದಾಟಿ ಕೆಳಗೆ ಬರಲೇಬೇಕು. ಅಲ್ಲಿ ಕಷ್ಟ ಇರುವುದು ಸಾಲು ಸಾಲು ಬರದ ವರ್ಷಗಳಲ್ಲಿ. ಆಗ ಎಷ್ಟು ಬಿಡಬೇಕು ಅಂತ ಮೂರೂ ದೇಶಗಳು ಸಹಿ ಹಾಕಿದ ಕಾಗದ ಇಲ್ಲದೆಯೇ ಅಣೆಕಟ್ಟು 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಜಗಳ ಆಡುವುದಾದರೆ ಅದರ ಬಗ್ಗೆ ಆಡಿ.

ನಾಗರಾಜ: ಅದನ್ನೇ ನಾನು ಹೇಳಿದ್ದು.

ಅರ್ಚನಾ: ಅದನ್ನಲ್ಲ ನೀವು ಹೇಳಿದ್ದು. ಮೇಲೆ ಹೋಗಿ ನೋಡಿ.

ಮಮತಾ: ಮೆಕಾಂಗ್ ಪ್ರಶ್ನೆ ಕೇಳಿ ಎಷ್ಟೋ ಹೊತ್ತಾಯಿತು.

ಲೋಕೇಶ: ಗೇಟು ಹಾಕಿದರೆ ಸಿಂಧೂ ನೀರು ನಿಲ್ಲುತ್ತದಾ ಮೇಡಂ?

ಜಲತಜ್ಞೆ: ಇಲ್ಲ.

ಅಡ್ಮಿನ್: ವೈಯಕ್ತಿಕ ಟೀಕೆಗಳನ್ನು ಅಳಿಸಿದ್ದೇನೆ. ನಾಗರಾಜ್ ಅವರೇ, ಇದು ಕೊನೆಯ ಸೂಚನೆ.

ಶ್ರುತಿ: ಮೇಡಂ, ಕೊನೆಯದಾಗಿ ಒಂದು. ಜಂಟಿ ಆಸ್ತಿಗೆ ಒಪ್ಪದ ದೇಶಗಳು ಎಲ್ಲಿಂದ ಶುರು ಮಾಡಬೇಕು?

ಜಲತಜ್ಞೆ: ಒಟ್ಟಿಗೆ ಅಳೆಯುವುದರಿಂದ. ಭಾರತ, ಬಾಂಗ್ಲಾದೇಶ ನಡುವಿನ 1996ರ ಗಂಗಾ ಒಪ್ಪಂದ ನೋಡಿ. ಜನವರಿ 1ರಿಂದ ಮೇ 31ರವರೆಗೆ, ಹತ್ತು ಹತ್ತು ದಿನಕ್ಕೆ ನೀರಿನ ಪಾಲು. ಭಾರತದ ಫರಕ್ಕಾದಲ್ಲೂ, ಬಾಂಗ್ಲಾದೇಶದ ಹಾರ್ಡಿಂಜ್ ಸೇತುವೆಯ ಹತ್ತಿರವೂ ದಿನದ ಹರಿವನ್ನು ಬರೆದುಕೊಳ್ಳಲು ಜಂಟಿ ತಂಡಗಳು. ಪಾಲು ಸಾಲದು ಅಂತ ಜಗಳ ಆಗಿದೆ, ಆಗುತ್ತಲೂ ಇರುತ್ತದೆ. ಆದರೆ ಇವತ್ತು ನದಿಯಲ್ಲಿ ಎಷ್ಟು ನೀರಿತ್ತು ಅನ್ನುವುದನ್ನು ಎರಡೂ ಕಡೆಯವರು ಒಂದೇ ಅಳತೆಗೋಲು ನೋಡಿ ಬರೆಯಬೇಕು. ಮಳೆಗಾಲದಲ್ಲಿ ಇಂಥದ್ದೇ ಲೆಕ್ಕ ಕೆಳಗಿನವರಿಗೆ ನೆರೆಯ ಮುನ್ಸೂಚನೆ. ಸಂಬಂಧ ಕೆಟ್ಟಾಗ ಮೊದಲು ನಿಲ್ಲಿಸುವುದೂ ಈ ಮಾಹಿತಿಯನ್ನೇ. ನೀವು ಓದುವ ಪ್ರತಿ ಒಪ್ಪಂದದಲ್ಲೂ ಅಳೆಯುವವರು ಯಾರು, ಆ ಅಂಕಿ ಯಾರ ಕೈಗೆ ಎಷ್ಟು ಗಂಟೆಯೊಳಗೆ ಸಿಗುತ್ತದೆ ಅಂತ ಮೊದಲು ಹುಡುಕಿ.