ಬೀಜದಿಂದ ಚೆಂಡು ಹೂವು: ಎಳೆಯ ಸಸಿಗಳು ಬುಡದಲ್ಲೇ ಬಾಗುತ್ತಿವೆ

ಪ್ರಶ್ನೆ (ಮಲ್ಲೇಶ್ವರ): ಆಯುಧಪೂಜೆಗೆ ನಮ್ಮ ತಾರಸಿಯ ಹೂವೇ ಆಗಬೇಕೆಂದು, ಒಣಗಿದ ಹಾರದ ಚೆಂಡು ಹೂಗಳಿಂದ ಬೀಜ ಬಿಡಿಸಿ ಕುಂಡದಲ್ಲಿ ಬಿತ್ತಿದ್ದೇನೆ. ಮೊಳೆತದ್ದು ಕೆಲವೇ, ಅವುಗಳಲ್ಲೂ ಹಲವು ಮಣ್ಣಿನ ಮಟ್ಟದಲ್ಲಿ ದಾರದಂತೆ ಸಣಕಲಾಗಿ ಬಾಗುತ್ತಿವೆ. ಕಾರಣವೇನಿರಬಹುದು?

ಉತ್ತರ (ಜಯನಗರ): ಹಾರದ ಹೂಗಳನ್ನು ಸಾಮಾನ್ಯವಾಗಿ ಬೀಜ ಬಲಿಯುವ ಮೊದಲೇ ಕೊಯ್ದಿರುತ್ತಾರೆ, ಆದ್ದರಿಂದ ಬಹುಪಾಲು ಜೊಳ್ಳೇ ಸಿಗುತ್ತದೆ. ಬಲಿತ ಬೀಜ ಕಪ್ಪಾಗಿ, ಗಟ್ಟಿಯಾಗಿದ್ದು, ಒಂದು ತುದಿಯಲ್ಲಿ ಒಣಹುಲ್ಲಿನ ಬಣ್ಣದ ಕುಚ್ಚನ್ನು ಹೊತ್ತಿರುತ್ತದೆ. ಹೈಬ್ರಿಡ್ ಗಿಡದ್ದಾದರೆ ತಾಯಿಗಿಡದಂಥ ಹೂವನ್ನೇ ನಿರೀಕ್ಷಿಸುವಂತಿಲ್ಲ.

ಉತ್ತರ (ಯಲಹಂಕ): ನೀವು ವರ್ಣಿಸಿರುವುದು ಸಸಿ ಕೊಳೆ ರೋಗದ ಲಕ್ಷಣ, ನೀರು ಬಸಿಯದ ಮಣ್ಣಿನಲ್ಲಿ ಶಿಲೀಂಧ್ರಗಳಿಂದ ಬರುವ ಇದು, ಮೋಡ ಮುಸುಕಿದ ನಮ್ಮ ಮಳೆಗಾಲದಲ್ಲಿ ಬೇಗ ಹರಡುತ್ತದೆ. ಬಾಗಿದ ಸಸಿ ಚೇತರಿಸಿಕೊಳ್ಳುವುದಿಲ್ಲ, ಕಿತ್ತುಬಿಡಿ. ಕೆಂಪು ಮಣ್ಣಿಗೆ ತೆಂಗಿನ ನಾರಿನ ಪುಡಿಯನ್ನೂ ಎರೆಗೊಬ್ಬರವನ್ನೂ ಬೆರೆಸಿ, ಹೊಸ ಬೀಜವನ್ನು ಅರ್ಧ ಸೆಂಟಿಮೀಟರ್ ಆಳದಲ್ಲಿ ವಿರಳವಾಗಿ ಬಿತ್ತಿ, ಮೇಲ್ಮಣ್ಣು ಒಣಗಿದಾಗಲಷ್ಟೇ ನೀರು ಚಿಮುಕಿಸಿದರೆ ವಾರದೊಳಗೆ ಮೊಳಕೆ ಕಾಣುತ್ತದೆ. ಸಸಿಗೆ ಬಿಸಿಲು ಬೇಕೇ ಬೇಕು. ನೆರಳಿನ ಬಾಲ್ಕನಿಯಲ್ಲಿ ಈ ಗಿಡ ಎಲೆ ಬಿಟ್ಟೀತೇ ಹೊರತು ಹೂವಲ್ಲ.

ಉತ್ತರ (ಬಸವನಗುಡಿ): ಎತ್ತರದ ತಳಿಗಳು ಹೂ ಬಿಡಲು ಎರಡು ತಿಂಗಳಿಗೂ ಹೆಚ್ಚು ಬೇಕಾಗುವುದರಿಂದ ಜುಲೈ ತಿಂಗಳಲ್ಲೇ ಬಿತ್ತುವುದು ಒಳ್ಳೆಯದು. ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ, ಆದರೆ ಹೂವು ತಡವಾಗುತ್ತದೆ. ಹಬ್ಬ ಹತ್ತಿರವಿದ್ದರೆ ಚಿವುಟಬೇಡಿ.