ಮನೆಯಲ್ಲೇ ಕೂತ ಹೆಂಗಸರನ್ನು ನಡೆಯುವಂತೆ ಮಾಡಿದವರು ಯಾರಾದರೂ ಇದ್ದೀರಾ?

ಡೊಂಬಿವಲಿ ಸೊಸೆ: ನಮ್ಮ ಸೊಸೈಟಿಯಲ್ಲಿ ಕನ್ನಡದ ಹತ್ತು ಹನ್ನೆರಡು ಮನೆಗಳಿವೆ. ಅತ್ತೆಯೂ ಸೇರಿ ಅರವತ್ತು ದಾಟಿದ ಹೆಂಗಸರು ಅಡುಗೆಮನೆ, ಟೀವಿ, ಶುಕ್ರವಾರದ ಭಜನೆ ಬಿಟ್ಟರೆ ಕದಲುವುದಿಲ್ಲ. ಅತ್ತೆಗೆ ಶುಗರ್, ಮಂಡಿನೋವು. ಒಂದು ಗುಂಪು ಕಟ್ಟಬೇಕೆಂದಿದ್ದೇನೆ. ಮಾಡಿ ನೋಡಿದವರು ಹೇಳಿ.

ಮುಲುಂಡ್ ಆರನೇ ಮಹಡಿ: ಯಂತ್ರ ಮಾತ್ರ ತರಬೇಡಿ. 2019ರಲ್ಲಿ ಅಮ್ಮನಿಗೆಂದು 38,500 ಕೊಟ್ಟು ಟ್ರೆಡ್‌ಮಿಲ್ ತಂದೆ. ಲಿಫ್ಟಿನಲ್ಲಿ ಹಿಡಿಸಲಿಲ್ಲ, ಹೊತ್ತು ತಂದವರಿಗೆ 1,200. ಸ್ಟೆಬಿಲೈಸರ್ 2,800. ಸದ್ದೆಂದು ಕೆಳಗಿನ ಮನೆಯವರು ಜಗಳಕ್ಕೆ ಬಂದರು, ರಬ್ಬರ್ ಮ್ಯಾಟಿಗೆ ಮತ್ತೆ 1,900. ಅಮ್ಮ ಹತ್ತಿದ್ದು ಹನ್ನೊಂದು ದಿನ. ಹನ್ನೆರಡನೇ ದಿನ ಸೆರಗು ಬೆಲ್ಟಿಗೆ ಸಿಕ್ಕಿ ಬಿದ್ದು ಮೊಣಕೈ ತರಚಿತು. ಆಮೇಲೆ ಅದರ ಹತ್ತಿರವೂ ಸುಳಿಯಲಿಲ್ಲ. ಹಳೇ ಸಾಮಾನಿನವನು 9,000ಕ್ಕೆ ಒಯ್ದ. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಾಟುಂಗಾ ಮಾಮಿ: ಸೀರೆಯಲ್ಲಿ ಹತ್ತಿಸಿದ್ದು ನಿಮ್ಮ ತಪ್ಪು ಮಾರಾಯರೆ, ಯಂತ್ರದ್ದಲ್ಲ. ನಾನು ಫೈವ್ ಗಾರ್ಡನ್ಸ್‌ನಲ್ಲಿ ಒಂಬತ್ತು ವರ್ಷದಿಂದ ನಡೆಯುತ್ತಿದ್ದೇನೆ. ವ್ಯಾಯಾಮಕ್ಕೆ ಬನ್ನಿ ಎಂದಾಗ ಒಬ್ಬರೂ ಬರಲಿಲ್ಲ. ಸ್ಟೇಷನ್ ಹತ್ತಿರ ಹೂ ತರೋಣ ಎಂದೆ, ಹದಿನಾಲ್ಕು ಜನ ಹೊರಟರು! ಬರುವಾಗ ತೋಟದ ಸುತ್ತು ಬಳಸಿ ಬಂದೆವು. ಜೂನಿನ ಮಳೆಗೆ ಮೂರೇ ಜನ ಉಳಿದದ್ದು. ಮೂರು ಸಲ ಹೀಗೇ ಒಡೆದಿದೆ, ಮೂರು ಸಲ ಮನೆ ಮನೆಗೆ ಹೋಗಿ ಕರೆದು ತಂದಿದ್ದೇನೆ. ಈಗ ಮಳೆಗಾಲದಲ್ಲಿ ಕಟ್ಟಡದ ವರಾಂಡದಲ್ಲೇ ನಡೆಯುತ್ತೇವೆ.

ಪುಣೆದಾಗಿನ ಹುಬ್ಬಳ್ಳಿಯಾಂವ: ಬರೇ ನಡದ್ರ ಸಾಲಂಗಿಲ್ರೀ. ನನ್ನ ಹೇಣ್ತಿನ್ನ ಹುರುಪಿಲೆ ದಿನಾ ಇಲ್ಲಿ ಪರ್ವತಿ ಗುಡ್ಡಾ ಹತ್ತಿಸಿದೆ, 103 ಮೆಟ್ಟಲಾ. ಇಪ್ಪತ್ತನೇ ದಿನಕ್ಕ ಮೊಳಕಾಲು ಬಾತು ಕುಂಬಳಕಾಯಿ ಆತು. ಫಿಸಿಯೋಥೆರಪಿ 500ರಂಗ 24 ಸಲ, ಆಟೋ ಖರ್ಚು ಬ್ಯಾರೆ. ಕಡೀಕ ಗುಣಾ ಆಗಿದ್ದು ಕುರ್ಚಿಯಿಂದ ಕೈ ಊರದs ಏಳೂದು, ಕೂಡೂದು, ದಿನಕ್ಕ ಎರಡು ಸಲ ಹತ್ಹತ್ತು. ತೊಡಿ ಗಟ್ಟಿ ಆದ್ರ ಮೊಳಕಾಲಿನ ಭಾರ ಕಡಿಮಿ ಆಕ್ಕೈತಿ. ವಾರಕ್ಕ 150 ನಿಮಿಷ ವ್ಯಾಯಾಮ ಅಂತ ಎಲ್ಲಾರೂ ಬಾಯಿಪಾಠ ಒಪ್ಪಸ್ತಾರ. 65 ದಾಟಿದವ್ರಿಗೆ ವಾರಕ್ಕ ಮೂರು ದಿನರೆ ಸಮತೋಲದ್ದು, ಬಲದ್ದು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಾಗ ಹೇಳಿದ್ದನ್ನ ಯಾರೂ ಓದೂದಿಲ್ಲ. ಹೂ ತರೂದು ವ್ಯಾಯಾಮ ಅಲ್ಲ.

ಮಾಟುಂಗಾ ಮಾಮಿ: ಹೆಂಡತಿಯ ಮಂಡಿ ಹಾಳು ಮಾಡಿ ನನಗೆ ಪಾಠವಾ? ನನ್ನ ಮೂರು ತಿಂಗಳ ಸರಾಸರಿ ಶುಗರ್ (HbA1c) 8.6 ಇದ್ದದ್ದು 7.2ಕ್ಕೆ ಇಳಿದಿದೆ, ಅದೇ ಮಾತ್ರೆಯಲ್ಲಿ. ಊಟವಾದ ಮೇಲೆ ಹತ್ತು ನಿಮಿಷ ನಡೆದರೂ ಸಕ್ಕರೆ ಏರುವುದು ಕಡಿಮೆ ಆಗುತ್ತದೆ, ಬೇಕಾದರೆ ಮನೆಯ ಮೀಟರಿನಲ್ಲಿ ನೋಡಿಕೊಳ್ಳಿ.

ಚೆಂಬೂರ್ ಡಬ್ಬಿ: ಕದಲುವುದಿಲ್ಲ ಎಂಬ ಮಾತು ಓದಿ ತುಂಬಾ ನೋವಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟಿ, ರಾತ್ರಿ ಹನ್ನೊಂದಕ್ಕೆ ಪಾತ್ರೆ ಒರೆಸಿಡುವವಳಿಗೆ ಹೊತ್ತೆಲ್ಲಿದೆ? ನಾನು ಹೊರಗೆ ಹೊರಟದ್ದು ಸಂಜೆಯ ಚಪಾತಿ ಗಂಡನ ಪಾಲಿಗೆ ಬಂದ ಮೇಲೆ. ಅದಕ್ಕೆ ಎರಡು ತಿಂಗಳು ಮನೆಯಲ್ಲಿ ಮಾತಿಲ್ಲ, ಅತ್ತೆ ಊರಿಗೆಲ್ಲ ಫೋನ್ ಮಾಡಿ ಅತ್ತರು. ಮೊದಲು ಹೆಂಗಸರ ಕೆಲಸ ಹಂಚಿ, ಆಮೇಲೆ ಗುಂಪು ಕಟ್ಟಿ.

ಪುಣೆದಾಗಿನ ಹುಬ್ಬಳ್ಳಿಯಾಂವ: ಅರವತ್ತು ದಾಟಿದ ಅತ್ತಿ ಸುದ್ದಿ ಕೇಳ್ಯಾರ, ನಿಮ್ಮ ಚಪಾತಿದಲ್ಲ.

ಚೆಂಬೂರ್ ಡಬ್ಬಿ: ಆ ಅತ್ತೆಯೂ ನಲವತ್ತು ವರ್ಷ ಹೀಗೇ ದುಡಿದು ಮಂಡಿ ಸವೆಸಿಕೊಂಡವರೇ. ನಿಮ್ಮ ಮನೆಯಲ್ಲಿ ಚಪಾತಿ ಯಾರು ಮಾಡುತ್ತಾರೆ, ಹೇಳಿ?

ಮುಲುಂಡ್ ಆರನೇ ಮಹಡಿ: ಮಾಮಿ, ಅಮ್ಮ ಎಪ್ಪತ್ತು ವರ್ಷ ಸೀರೆ ಉಟ್ಟವರು. ಬೇರೆ ಏನು ಉಡಿಸಲಿ? ಬಿದ್ದರೆ ಯಂತ್ರ ನಿಲ್ಲಿಸುವ ಸೇಫ್ಟಿ ಕ್ಲಿಪ್ ಅನ್ನು ಅಂಗಡಿಯವನು ತೋರಿಸಿಯೂ ಇರಲಿಲ್ಲ.

ಡೊಂಬಿವಲಿ ಸೊಸೆ: ಮಾಮಿ, ಎಷ್ಟು ಗಂಟೆಗೆ ಹೊರಡುತ್ತೀರಿ?

ಮಾಟುಂಗಾ ಮಾಮಿ: ಸಂಜೆ ಐದೂಕಾಲು. ಮೊದಲ ವಾರ ಗೇಟಿನ ತನಕ ಸಾಕು ಮಗಾ. ಮುಲುಂಡಿನವರೆ, ಸೆರಗು ಸೊಂಟಕ್ಕೆ ಸಿಕ್ಕಿಸಲು ಹೇಳಿ, ನಾವೆಲ್ಲ ಸೀರೆಯಲ್ಲೇ ನಡೆಯುವುದು.